ಕಾರ್ಟೂನಿನಲ್ಲಿ ವಿಲನ್ ಸಾಯುವ ಸೀನ್ ಫಾರ್ವರ್ಡ್ ಮಾಡಬೇಡಿ, ಕಥೆ ಮೊದಲೇ ಹೇಳಿಬಿಡಿ

ನಿಮ್ಮ ಆರು ವರ್ಷದ ಮಗ 'ದಿ ಲಯನ್ ಕಿಂಗ್'ನಲ್ಲಿ ವಿಲನ್ ಸಿಂಹ ಸ್ಕಾರ್ ಸಾಯುವುದನ್ನು ನೋಡಿದ ಮೇಲೆ ರಾತ್ರಿ ಎದ್ದು ಕೂರುತ್ತಾನೆ, ಬೀದಿ ನಾಯಿ ಕಂಡರೂ ಬೆಚ್ಚುತ್ತಾನೆ. ಇಂಥ ಸೀನ್ ಫಾರ್ವರ್ಡ್ ಮಾಡಲಾ, ವಿಲನ್ ಸಾಯದ ಸಿನಿಮಾಗಳ ಪಟ್ಟಿ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ಪಟ್ಟಿ ಕೊಡುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಕಾಟ ಕೊಟ್ಟಿದ್ದು 'ಟ್ಯಾಂಗಲ್ಡ್'. 2010ರ ಸಿನಿಮಾ, ಉದ್ದ ಕೂದಲಿನ ರಪುಂಜೆಲ್ ಕಥೆ. ಮಗಳಿಗೆ ಆಗ ಐದು ತುಂಬಿತ್ತು. ಪೋಸ್ಟರಿನಲ್ಲಿ ಹುಡುಗಿ ಇದ್ದಾಳೆ, ಬಿಳಿ ಕುದುರೆ ಇದೆ, ಇದರಲ್ಲಿ ಹೆದರೋದಕ್ಕೆ ಏನಿದೆ ಅಂದುಕೊಂಡು ಟಿವಿಯಲ್ಲಿ ಹಾಕಿಕೊಟ್ಟು ಅಡುಗೆಮನೆಗೆ ಹೋದೆ.

ನೀವು ನೋಡಿಲ್ಲದಿದ್ದರೆ ಕಥೆ ಇಷ್ಟು. ಗೋಥೆಲ್ ಅನ್ನುವವಳು ರಾಜನ ಮಗುವನ್ನು ಕದ್ದು ತಂದು ಗೋಪುರದಲ್ಲಿ ಸಾಕುತ್ತಾಳೆ. ಮಗುವಿನ ಕೂದಲಿಗೆ ಮುಪ್ಪು ಓಡಿಸುವ ಶಕ್ತಿ ಇದೆ. ಅವಳು ಕೂತು ಕೂದಲು ಬಾಚುತ್ತಾಳೆ, ಹುಡುಗಿ ಹಾಡುತ್ತಾಳೆ, ಇವಳ ವಯಸ್ಸು ಇಳಿಯುತ್ತದೆ. ನೂರಾರು ವರ್ಷದ ಮುದುಕಿ, ನೋಡೋಕೆ ನಮ್ಮ ನಿಮ್ಮ ವಯಸ್ಸಿನ ಹೆಂಗಸು. ರಪುಂಜೆಲ್ ಅವಳನ್ನು ಅಮ್ಮ ಅಂತಲೇ ಕರೆಯುತ್ತಾಳೆ. ಕೊನೆಯಲ್ಲಿ ನಾಯಕ ಒಡೆದ ಕನ್ನಡಿ ಚೂರಿನಿಂದ ಆ ಕೂದಲು ಕತ್ತರಿಸಿಬಿಡುತ್ತಾನೆ. ಆಗ ಗೋಥೆಲ್ ಕಣ್ಣೆದುರೇ ಮುದುಕಿಯಾಗುತ್ತಾಳೆ. ಕೈ ಸುಕ್ಕಾಗುತ್ತದೆ, ಕೂದಲು ಬೆಳ್ಳಗಾಗುತ್ತದೆ, ಮುಖಕ್ಕೆ ಮುಸುಕು ಎಳೆದುಕೊಂಡು ಒದ್ದಾಡುತ್ತಾ ಕಿಟಕಿಯಿಂದ ಬೀಳುತ್ತಾಳೆ. ನೆಲಕ್ಕೆ ಬರೀ ಬಟ್ಟೆ, ಒಂದಿಷ್ಟು ಧೂಳು. ಒಂದು ತೊಟ್ಟು ರಕ್ತ ಇಲ್ಲ. ಆದರೂ ನನ್ನ ಮಟ್ಟಿಗೆ ಡಿಸ್ನಿ ಸ್ಟುಡಿಯೋದವರು ಮಾಡಿದ ಭಯಂಕರ ಸಾವುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಮಗಳು ಅಡುಗೆಮನೆಗೆ ಬಂದು ಕೇಳಿದಳು. "ಅಮ್ಮಾ, ಅವ್ಳು ಯಾಕೆ ಹಂಗಾದ್ಲು?" ನಾನು ಒಗ್ಗರಣೆ ಹಾಕುತ್ತಿದ್ದೆ. ತಿರುಗದೆ ಹೇಳಿದೆ. "ತುಂಬಾ ವಯಸ್ಸಾಗಿತ್ತು ಪುಟ್ಟಿ. ಕೂದ್ಲು ಕತ್ತರಿಸಿಬಿಟ್ರಲ್ಲ, ಅದಕ್ಕೇ ಸತ್ತುಹೋದ್ಲು."

ಈ ಮಾತು ನಮಗೆ ದುಬಾರಿಯಾಯಿತು. ಸ್ವಲ್ಪ ಉದ್ದವಾದರೂ ಹೇಗೆ ಅಂತ ಹೇಳಲೇಬೇಕು. ಸಿನಿಮಾದ ಲೆಕ್ಕದಲ್ಲಿ ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಏನೇನು ಬಿಟ್ಟೆ ನೋಡಿ. ಅವಳು ಮಗು ಕದ್ದವಳು ಅನ್ನೋದು ಬಿಟ್ಟೆ. ಮಂತ್ರದ ವಿಷಯ ಬಿಟ್ಟೆ. ಅವಳ ವಯಸ್ಸು ನೂರಾರು ವರ್ಷ, ಯಾವ ಮನುಷ್ಯರೂ ಅಷ್ಟು ಬದುಕಲ್ಲ ಅನ್ನೋದನ್ನೂ ಬಿಟ್ಟೆ. ಉಳಿದಿದ್ದು ಎರಡೇ: ವಯಸ್ಸಾಗಿತ್ತು, ಕೂದಲು ಕತ್ತರಿಸಿದರು. ಇದನ್ನು ಕೇಳಿಸಿಕೊಂಡವಳು ಯಾರು? ದಿನಾ ಸಂಜೆ ಅಜ್ಜಿಯ ಮುಂದೆ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಜಡೆ ಹಾಕಿಸಿಕೊಳ್ಳುವ ಹುಡುಗಿ. ನಮ್ಮತ್ತೆ ತಿಪಟೂರು ಕಡೆಯವರು, ಕೊಬ್ಬರಿ ಎಣ್ಣೆ ಊರಿನಿಂದಲೇ ತರಿಸುತ್ತಾರೆ, ಮೊಮ್ಮಗಳ ಕೂದಲು ಅಂದರೆ ಪ್ರಾಣ. ಮಗಳ ತಲೆಯಲ್ಲಿ ಲೆಕ್ಕ ಕೂಡಿಬಿಟ್ಟಿತು. ಕೂದಲು ಬಾಚುವ ವಯಸ್ಸಾದವರು ಕೂದಲು ಹೋದರೆ ಸಾಯುತ್ತಾರೆ. ನಾನು ಕೊಟ್ಟ ಮಾಹಿತಿಯಲ್ಲಿ ಯಾರು ಕೂಡಿದರೂ ಅದೇ ಉತ್ತರ ಬರಬೇಕು ತಾನೇ?

ಬೇಸಿಗೆ ರಜೆ ಬಂತು. ಶಾಲೆಯಿಂದ ಹೇನು ಹತ್ತಿಸಿಕೊಂಡು ಬಂದಿದ್ದಳು. ಬಾಬ್ ಕಟ್ ಮಾಡಿಸೋಣ ಅಂದರೆ ಮನೆ ಒಂದಾಗುವಂತೆ ಅತ್ತಳು. ರಪುಂಜೆಲ್ ಆಗಬೇಕಂತೆ ಇವಳಿಗೆ ಅಂತ ನಾವಿಬ್ಬರೂ ನಕ್ಕೆವು. ಐಸ್‌ಕ್ರೀಮ್ ಆಸೆ ತೋರಿಸಿ ಪಾರ್ಲರಿಗೆ ಕರೆದುಕೊಂಡು ಹೋಗಿ ಕತ್ತರಿಸಿದ್ದೂ ಆಯಿತು.

ನಮ್ಮತ್ತೆ ಸೆಕೆಗಾಲದಲ್ಲೂ ಮುಸುಕು ಹೊದ್ದು ಮಲಗುವವರು. ರಾತ್ರಿ ಮಗಳು ಅವರ ಕೋಣೆಗೆ ಹೋಗಿ ಹೊದಿಕೆ ಎಳೆದು ಕಿಟಾರನೆ ಕಿರುಚಿದಳು. ಅವರ ಎದೆ ಒಡೆದುಹೋಗಲಿಲ್ಲ ಅನ್ನುವುದೇ ಪುಣ್ಯ. ಮಾರನೆಯ ರಾತ್ರಿಯೂ ಅದೇ ಕಥೆ. ಮಗು ಅಜ್ಜಿಗೆ ಹೆದರುತ್ತಿದೆ, ಅದೇನೋ ಸಿನಿಮಾದ ಮುದುಕಿ ನೆನಪಾಗುತ್ತಿರಬೇಕು, ಸ್ವಲ್ಪ ದಿನ ನಮ್ಮ ಹತ್ತಿರವೇ ಮಲಗಿಸಿಕೊಳ್ಳೋಣ ಅಂತ ನಮ್ಮ ಯಜಮಾನರು ಅಂದರು. ಸರಿ ಅಂದೆ. ಸಣ್ಣ ಮನೆ, ಮಾತು ಅತ್ತೆಯ ಕಿವಿಗೆ ಬಿತ್ತು. "ನನ್ನ ಮುಖ ನೋಡಿ ಮಗು ಹೆದರ್ತದೆ ಅಂದ್ರೆ ನಾನ್ಯಾಕಮ್ಮ ಇಲ್ಲಿರ್ಲಿ" ಅಂದರು. ಎಷ್ಟು ಹೇಳಿದರೂ ಕೇಳದೆ ಊರಿಗೆ ಹೊರಟುಬಿಟ್ಟರು.

ಈಗ ಮಗಳ ಕಡೆಯಿಂದ ನೋಡಿ. ಕೂದಲು ಕತ್ತರಿಸಿದರು. ಆಮೇಲೆ ಅಜ್ಜಿ ಕಾಣಿಸುತ್ತಿಲ್ಲ.

ಅವಳು ಕಿರುಚೋದು ನಿಂತಿತು. ನಾವು ಸರಿಹೋದಳು ಅಂದುಕೊಂಡೆವು! ಅತ್ತೆ ವೀಡಿಯೊ ಕಾಲ್ ಮಾಡಿದಾಗ ವಿಷಯ ಹೊರಗೆ ಬಂತು. ಮಗಳು ಫೋನನ್ನು ತಲೆಯ ಹತ್ತಿರ ಹಿಡಿದು ತೋರಿಸಿದಳು. "ಅಜ್ಜಿ, ನನ್ನ ಕೂದ್ಲು ಮತ್ತೆ ಬೆಳೀತಾ ಇದೆ. ಅಲ್ಲೀವರ್ಗೂ ಸಾಯ್ಬೇಡ, ಆಯ್ತಾ?"

ಅತ್ತೆ ಆ ಕಡೆಯಿಂದ ಒಂದೊಂದೇ ಕೇಳಿ ಎಲ್ಲ ಹೊರಗೆ ತೆಗೆಸಿದರು. ನಾನು ಪಕ್ಕದಲ್ಲಿ ಕಲ್ಲಾಗಿ ಕೂತಿದ್ದೆ. ಅವಳು ಹೆದರಿದ್ದು ಅಜ್ಜಿಗಲ್ಲ. ಅಜ್ಜಿ ಇನ್ನೂ ಇದ್ದಾರಾ, ಧೂಳಾಗಿಬಿಟ್ಟರಾ ಅಂತ ನೋಡೋಕೆ ಹೊದಿಕೆ ಎಳೆದಿದ್ದಳು.

ಅತ್ತೆ ವಾಪಸ್ ಬಂದರು. ಬಂದವರೇ ಮಾಡಿದ ಮೊದಲ ಕೆಲಸ, "ಎಲ್ಲಿ, ಆ ಸಿನಿಮಾ ಹಾಕು, ನಾನೂ ನೋಡ್ಬೇಕು" ಅಂತ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದು. ನಾನು ಬೇಡ ಅಂದೆ. ಕೇಳಲಿಲ್ಲ. ಅವರಿಗೆ ಸಿನಿಮಾದ ಭಾಷೆ ಬರದ ಕಾರಣ ಮಗಳೇ ಪ್ರತಿ ಸೀನಿಗೂ ವಿವರಣೆ ಕೊಡಬೇಕಾಯಿತು. ಇದೇ ಮದ್ದು ಅಂತ ನನಗೆ ಆಗ ಗೊತ್ತಾಗಲಿಲ್ಲ. "ಯಾರೇ ಇವ್ಳು? ಮಗು ಕದ್ಕೊಂಡು ಬಂದವ್ಳಾ? ಅಯ್ಯೋ ಮುಂಡೇದೇ! ನಾನೇನು ನಿನ್ನ ಕದ್ಕೊಂಡು ಬಂದಿದ್ದೀನಾ?" ಮಗಳು ಕಿಲಕಿಲ ನಕ್ಕಳು. ಕೊನೆಯ ಸೀನ್ ಹತ್ತಿರ ಬಂದಾಗ ಅವಳೇ ಅಜ್ಜಿಯ ಕೈ ಹಿಡಿದು ಹೇಳಿದಳು. "ಈಗ ಬೀಳ್ತಾಳೆ ನೋಡು. ಹೆದರ್ಬೇಡ."

ಗೋಥೆಲ್ ಬೀಳುವಾಗ ರಪುಂಜೆಲ್ ಅವಳ ಕಡೆ ಕೈ ಚಾಚುತ್ತಾಳೆ. ನಾನು ಗಮನಿಸಿರಲೇ ಇಲ್ಲ. ಮಗಳು ಗಮನಿಸಿದ್ದಳು. ಕೆಟ್ಟವಳು ಅಂತ ಗೊತ್ತಾದ ಮೇಲೂ ಯಾಕೆ ಕೈ ಕೊಡೋಕೆ ಹೋದಳು ಅಂತ ಕೇಳಿದಳು. "ಅಷ್ಟು ವರ್ಷ ಅಮ್ಮ ಅಂದಿದ್ಲಲ್ಲ ಮಗಾ" ಅಂದರು ಅತ್ತೆ. ಇದನ್ನು ನಾನು ಹೇಳುತ್ತಿದ್ದೆನಾ? ಇಲ್ಲ. ಬಿದ್ದಿದ್ದು ಒಳ್ಳೇದಾಯ್ತು ಬಿಡು ಅಂತ ಮುಗಿಸುತ್ತಿದ್ದೆ.

ಈಗ ನಿಮ್ಮ ಪಟ್ಟಿಯ ವಿಷಯ. ವಿಲನ್ ಸಾಯದ ಸಿನಿಮಾ ಹುಡುಕುವುದೇ ತಪ್ಪು ದಾರಿ. 'ಬ್ಯಾಂಬಿ'ಯಲ್ಲಿ (1942) ಯಾವ ವಿಲನ್ನೂ ಸಾಯಲ್ಲ, ಮರಿಯ ಅಮ್ಮ ಸಾಯುತ್ತಾಳೆ. 'ಫೈಂಡಿಂಗ್ ನೀಮೋ'ದಲ್ಲಿ (2003) ಸಿನಿಮಾ ಶುರುವಾಗುವ ಹೊತ್ತಿಗೇ ಅಮ್ಮ ಹೋಗಿರುತ್ತಾಳೆ. ಇವು ನಿಮಗೆ ವಾಸಿಯಾ? 2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 1937ರ 'ಸ್ನೋ ವೈಟ್'ನಿಂದ 2013ರವರೆಗಿನ 45 ಮಕ್ಕಳ ಅನಿಮೇಷನ್ ಸಿನಿಮಾಗಳನ್ನು ದೊಡ್ಡವರ 90 ಸಿನಿಮಾಗಳ ಜೊತೆ ಹೋಲಿಸಿದ್ದರು. ಮಕ್ಕಳ ಸಿನಿಮಾಗಳಲ್ಲಿ ಮೂರರಲ್ಲಿ ಎರಡು ಪಾಲಿನಲ್ಲಿ ಮುಖ್ಯ ಪಾತ್ರವೊಂದು ಪರದೆಯ ಮೇಲೆಯೇ ಸಾಯುತ್ತದೆ. ದೊಡ್ಡವರದ್ದರಲ್ಲಿ ಅರ್ಧ. ಹೀಗಿರುವಾಗ ಯಾವುದನ್ನು ಅಂತ ಸೋಸುತ್ತೀರಿ?

ಫಾರ್ವರ್ಡ್ ಮಾಡುವುದಂತೂ ಬೇಡವೇ ಬೇಡ. ಅದರ ಕೆಲಸವನ್ನು ಸಿನಿಮಾ ಮಾಡಿದವರೇ ಅರ್ಧ ಮಾಡಿಟ್ಟಿರುತ್ತಾರೆ. ಗಮನಿಸಿ, ಈ ವಿಲನ್‌ಗಳು ಬಹಳಷ್ಟು ಜನ ಬಿದ್ದೇ ಸಾಯುತ್ತಾರೆ. ಸ್ನೋ ವೈಟಿನ ರಾಣಿ ಬಂಡೆಯಿಂದ ಬೀಳುತ್ತಾಳೆ, ರಣಹದ್ದುಗಳು ಸುತ್ತುತ್ತಾ ಕೆಳಗಿಳಿಯುತ್ತವೆ, ಅಷ್ಟೇ. 'ಬ್ಯೂಟಿ ಅಂಡ್ ದಿ ಬೀಸ್ಟ್'ನ (1991) ಗ್ಯಾಸ್ಟನ್, 'ಹಂಚ್‌ಬ್ಯಾಕ್ ಆಫ್ ನಾಟ್ರೆ ಡೇಮ್'ನ (1996) ಫ್ರೋಲೊ, ಎಲ್ಲರೂ ಬೀಳುವವರೇ. ಬಿದ್ದರೆ ನಾಯಕನ ಕೈಗೆ ರಕ್ತ ಅಂಟುವುದಿಲ್ಲ, ಹೆಣ ತೋರಿಸುವ ಕಷ್ಟವೂ ಇಲ್ಲ. 'ಟಾರ್ಜನ್'ನಲ್ಲಿ (1999) ಕ್ಲೇಟನ್ ತಾನೇ ಬಳ್ಳಿಗಳನ್ನು ಕಡಿಯುತ್ತಾ ಕೊರಳಿಗೆ ಸಿಕ್ಕಿಸಿಕೊಂಡು ಬೀಳುತ್ತಾನೆ. ಆಮೇಲೆ ಮಿಂಚಿನ ಬೆಳಕಲ್ಲಿ ನೇತಾಡುವ ನೆರಳು ಮಾತ್ರ. ದೊಡ್ಡವರಿಗೆ ಅರ್ಥವಾಗುತ್ತದೆ. ಮಕ್ಕಳು ಬಿಟ್ಟ ಸ್ಥಳ ತಾವೇ ತುಂಬಿಕೊಳ್ಳುತ್ತಾರೆ. ನೀವು ಉಳಿದರ್ಧವನ್ನೂ ಹಾರಿಸಿದರೆ ಆಗುವುದು ಇಷ್ಟೇ: ಇಲ್ಲಿವರೆಗೆ ಇದ್ದ ದುಷ್ಟ ಈಗ ಕಾಣಿಸುತ್ತಿಲ್ಲ. ಎಲ್ಲಿ ಹೋದ? ಮಂಚದ ಕೆಳಗೆ ಹೋದ.

ಹಾಗಂತ ಎಲ್ಲವನ್ನೂ ಎಲ್ಲ ವಯಸ್ಸಿಗೂ ತೋರಿಸಿ ಅನ್ನುತ್ತಿಲ್ಲ. ಫ್ರೋಲೊನ ಕಥೆಯನ್ನು ಆರು ವರ್ಷದವನಿಗೆ ನಾನಂತೂ ಹಾಕಲ್ಲ. ಆದರೆ ಹಾಕಿದ ಮೇಲೆ ಪೂರ್ತಿ ಹಾಕಿ, ಪಕ್ಕದಲ್ಲಿ ಕೂತು ಹಾಕಿ, ಅದಕ್ಕೂ ಮೊದಲು ಕಥೆಯನ್ನು ಕೊನೆವರೆಗೂ ಹೇಳಿಬಿಡಿ. ಸಸ್ಪೆನ್ಸ್ ಹಾಳಾಗುತ್ತದೆ ಅನ್ನಬೇಡಿ. ಸಸ್ಪೆನ್ಸ್ ಬೇಕಾಗಿರುವುದು ನಮಗೆ, ಅವರಿಗಲ್ಲ. ಇಲ್ಲದಿದ್ದರೆ ಒಂದೇ ಕಥೆಯನ್ನು ದಿನಾ ರಾತ್ರಿ ಯಾಕೆ ಕೇಳುತ್ತಾರೆ?

ನಮ್ಮಲ್ಲಿ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಹಿರಣ್ಯಕಶಿಪುವಿನ ಸಾವಿಗಿಂತ ಘೋರವಾದದ್ದು ಯಾವುದಿದೆ? ತೊಡೆ ಮೇಲೆ ಹಾಕಿಕೊಂಡು ಉಗುರಿನಿಂದ ಹೊಟ್ಟೆ ಬಗೆಯುವುದು. ಆದರೂ ಅದನ್ನು ಕೇಳುತ್ತಲೇ ಮಲಗಿದವರು ನಾವು. ಯಾಕೆಂದರೆ ಕಥೆ ಮೊದಲೇ ಷರತ್ತುಗಳನ್ನೆಲ್ಲ ಕೈಗೆ ಕೊಟ್ಟುಬಿಡುತ್ತದೆ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ, ಮನುಷ್ಯನೂ ಅಲ್ಲ ಪ್ರಾಣಿಯೂ ಅಲ್ಲ. ಮಗು ಕಾಯುತ್ತಾ ಕೂರುತ್ತದೆ, ಹೊಸ್ತಿಲು ಯಾವಾಗ ಬರುತ್ತೆ, ಸಂಜೆ ಯಾವಾಗ ಆಗುತ್ತೆ ಅಂತ. ನಮ್ಮ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' 2025ರಲ್ಲಿ ಬಂದಾಗ ಥಿಯೇಟರಿಗೆ ಹೋಗಿದ್ದೆವು. ಅನಿಮೇಷನ್ ಆದರೂ ಆ ಅಬ್ಬರಕ್ಕೆ ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಮಗಳು ಮಾತ್ರ ಹೊಸ್ತಿಲು ಬರುವುದಕ್ಕೆ ಮೊದಲೇ ನನ್ನನ್ನು ತಿವಿದು "ಈಗ ನೋಡು" ಅಂದಳು. ಅಜ್ಜಿ ಹೇಳಿದ ಕಥೆ ಅವಳ ಹತ್ತಿರ ಇತ್ತಲ್ಲ. ಕೂದಲು ಈಗಲೂ ಗಿಡ್ಡವೇ ಇದೆ, ಅವಳ ಇಷ್ಟ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಸ್ಕಾರ್ ಸಾಯುವುದು ಬಿದ್ದು ಅಲ್ಲ, ಇದನ್ನು ಮರೆಯಬೇಡಿ. ಬಿದ್ದ ಮೇಲೂ ಬದುಕಿರುತ್ತಾನೆ. ಅವನನ್ನು ಮುಗಿಸುವುದು ಅವನದೇ ಗುಂಪಿನ ಕತ್ತೆಕಿರುಬಗಳು. ತಪ್ಪೆಲ್ಲ ಅವುಗಳದ್ದೇ ಅಂತ ಅವನು ನಾಯಕ ಸಿಂಬಾನ ಹತ್ತಿರ ಚಾಡಿ ಹೇಳಿದ್ದನ್ನು ಕೇಳಿಸಿಕೊಂಡಿರುತ್ತವೆ. ಆಮೇಲೆ ಬೆಂಕಿ, ಗೋಡೆ ಮೇಲೆ ನೆರಳು. ನಿಮ್ಮ ಮಗನಿಗೆ ಇದರಲ್ಲಿ ಚುಚ್ಚಿದ್ದು ಹಲ್ಲುಗಳಾ, ಬೆಂಕಿಯಾ, ಸ್ನೇಹಿತರೇ ತಿರುಗಿಬಿದ್ದಿದ್ದಾ? ಸುಳ್ಳು ಹೇಳಿದರೆ ಹೀಗಾಗುತ್ತೆ ಅಂತ ಮನೆಯಲ್ಲಿ ಯಾರಾದರೂ ಅಂದುಬಿಟ್ಟರಾ? ನನಗೆ ಆ ಕೊನೆಯದರ ಮೇಲೇ ಜಾಸ್ತಿ ಅನುಮಾನ. ಯಾಕೆ ಹೆದರ್ತೀಯ ಅಂತ ಕೇಳಿದರೆ ಯಾವ ಮಗುವೂ ಹೇಳಲ್ಲ. "ನಂಗೆ ಆ ಕಥೆ ಗೊತ್ತಿಲ್ಲ, ಕೊನೇಲಿ ಏನಾಯ್ತು ಹೇಳೋ" ಅಂತ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಕೈಯಲ್ಲಿ ಕೇಳಿಸಿ, ಅವರಿಗೆ ನಿಜವಾಗಿಯೂ ಗೊತ್ತಿರಲ್ಲ. ಇದೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆ ಬರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಬೀದಿ ನಾಯಿಗಳ ಭಯಕ್ಕೆ ಮಾತ್ರ ಸ್ಕಾರ್ ಮೇಲೆ ಗೂಬೆ ಕೂರಿಸಬೇಡಿ. ರಾತ್ರಿ ಹತ್ತರ ಮೇಲೆ ನಮ್ಮ ರಸ್ತೆಯ ನಾಯಿಗಳಿಗೆ ನಾನೂ ಹೆದರುತ್ತೇನೆ.