ನೆರವಿನ ಡಾಲರ್ ಮತ್ತು ಗೇರು ಬೆಳೆಗಾರ

ಪ್ರಶ್ನೆ: ನಮ್ಮ ಮನೆಯವರು ಕಾರ್ಕಳದ ಬಳಿ ಗೇರುಬೀಜದ ಕಾರ್ಖಾನೆ ನಡೆಸುತ್ತಾರೆ. ಊರಿನ ಬೀಜ ಸಾಲದೆ ತಾಂಜಾನಿಯಾ, ಮೊಜಾಂಬಿಕ್‌ಗಳಿಂದ ಕಚ್ಚಾ ಬೀಜವನ್ನು ಮಂಗಳೂರು ಬಂದರಿಗೆ ತರಿಸುತ್ತೇವೆ. ಬಡ ದೇಶಕ್ಕೆ ವಿದೇಶಿ ನೆರವು ಹೆಚ್ಚಿದರೆ ಅಲ್ಲಿನ ರಫ್ತಿಗೆ ಪೆಟ್ಟು ಬೀಳುತ್ತದೆ ಎಂದು ಓದಿದೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಕಾರ್ಕಳ

ಉತ್ತರ: ನೆರವು ಬರುವುದು ಡಾಲರ್ ಅಥವಾ ಯೂರೋದಲ್ಲಿ, ಆದರೆ ಶಿಕ್ಷಕರ ಸಂಬಳವನ್ನೂ ರಸ್ತೆ ಕೆಲಸದವರ ಕೂಲಿಯನ್ನೂ ಮೊಜಾಂಬಿಕ್ ಸರ್ಕಾರ ತನ್ನ ಕರೆನ್ಸಿಯಾದ ಮೆಟಿಕಲ್‌ನಲ್ಲೇ ಕೊಡಬೇಕು. ಆದ್ದರಿಂದ ಅದು ಡಾಲರನ್ನು ಕೇಂದ್ರ ಬ್ಯಾಂಕಿಗೆ ಮಾರುತ್ತದೆ. ಬ್ಯಾಂಕು ಆ ಡಾಲರನ್ನು ಪೇಟೆಗೆ ಬಿಟ್ಟರೆ ಡಾಲರ್ ಅಗ್ಗವಾಗಿ ಮೆಟಿಕಲ್ ಬಲಗೊಳ್ಳುತ್ತದೆ. ಬಿಡದೆ ಮೀಸಲಿನಲ್ಲಿ ಇಟ್ಟುಕೊಂಡರೆ, ಹೊಸದಾಗಿ ಚಲಾವಣೆಗೆ ಬಂದ ಮೆಟಿಕಲ್‌ನಿಂದ ಕೂಲಿ, ಬಾಡಿಗೆ, ಸಾಮಾನುಗಳ ಬೆಲೆ ಏರುತ್ತವೆ.

ಇನ್ನು ಗೇರು ಬೆಳೆಗಾರನ ಲೆಕ್ಕ ನೋಡಿ. ಒಂದು ಕಿಲೋ ಬೀಜಕ್ಕೆ ಒಂದು ಡಾಲರ್ ಎಂದಿಟ್ಟುಕೊಳ್ಳೋಣ. ಡಾಲರಿಗೆ 60 ಮೆಟಿಕಲ್ ಇದ್ದದ್ದು 50ಕ್ಕೆ ಇಳಿದರೆ, ಬೀಜ ಹೆಕ್ಕುವವರ ಕೂಲಿ ಕಡಿಮೆಯಾಗದಿದ್ದರೂ ಅವನ ಕೈಗೆ ಹತ್ತು ಮೆಟಿಕಲ್ ಕಡಿಮೆ ಸೇರುತ್ತದೆ. ಡಾಲರಿನ ದರ ಇಳಿಯದೆ ಕೂಲಿಯಷ್ಟೇ ಏರಿದರೂ ನಷ್ಟ ಅವನದೇ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 1959ರಲ್ಲಿ ಅಪಾರ ಅನಿಲ ನಿಕ್ಷೇಪ ಸಿಕ್ಕ ಬಳಿಕ, ಅನಿಲ ಮಾರಿದ ವಿದೇಶಿ ಹಣ ಹೀಗೆಯೇ ಹರಿದು ಬಂದು ಅಲ್ಲಿನ ಇತರ ಕೈಗಾರಿಕೆಗಳು ಸೊರಗಿದವು. ಅದನ್ನು ಕಂಡು ಬ್ರಿಟನ್ನಿನ ವಾರಪತ್ರಿಕೆಯೊಂದು 1977ರಲ್ಲಿ ಈ ಪರಿಣಾಮವನ್ನು ‘ಡಚ್ ಕಾಯಿಲೆ’ (ಡಚ್ಚರೆಂದರೆ ನೆದರ್ಲೆಂಡ್ಸ್‌ನವರು) ಎಂದು ಕರೆಯಿತು.

ಆದರೆ ಈ ಕಾಯಿಲೆ ಬಂದೇ ಬರುತ್ತದೆ ಎನ್ನಲಾಗದು. ನೆರವಿನ ಡಾಲರಿನಿಂದ ಔಷಧಿಯನ್ನೋ ಯಂತ್ರವನ್ನೋ ನೇರವಾಗಿ ಆಮದು ಮಾಡಿಕೊಂಡರೆ ದರ ಅಷ್ಟಾಗಿ ಅಲುಗುವುದಿಲ್ಲ. ತೋಟದಿಂದ ಬಂದರಿಗೆ ಒಳ್ಳೆಯ ರಸ್ತೆಯಾದರೆ ಬೆಳೆಗಾರನ ಸಾಗಣೆ ವೆಚ್ಚ ತಗ್ಗಿ, ಕಳೆದುಕೊಂಡದ್ದು ಬಹುಮಟ್ಟಿಗೆ ಮರಳುತ್ತದೆ.

ನನ್ನನ್ನು ಹೆಚ್ಚು ಕಾಡುವುದು ನೆರವು ಹಠಾತ್ತನೆ ನಿಂತಾಗಿನ ಸ್ಥಿತಿ. ಆಫ್ರಿಕಾದ ಮಲಾವಿಗೆ 2011ರಲ್ಲಿ ದಾನಿ ದೇಶಗಳು ಬಜೆಟ್ ನೆರವನ್ನು ತಡೆದಾಗ ಮೊದಲೇ ಇದ್ದ ಡಾಲರ್ ಅಭಾವ ಉಲ್ಬಣಿಸಿತು, ಇಂಧನಕ್ಕೆ ಜನ ಸಾಲುಗಟ್ಟಿದರು. 2012ರ ಮೇ ತಿಂಗಳಲ್ಲಿ ಅಲ್ಲಿನ ಕರೆನ್ಸಿ ಕ್ವಾಚಾವನ್ನು ಡಾಲರಿಗೆ ಸುಮಾರು 167ರಿಂದ 250ಕ್ಕೆ ಅಪಮೌಲ್ಯಗೊಳಿಸಬೇಕಾಯಿತು. ನಮ್ಮ ದೇಶವೂ 1965ರ ಯುದ್ಧದ ವೇಳೆ ನೆರವು ನಿಂತ ಸಂಕಟವನ್ನು ಕಂಡು, 1966ರ ಜೂನ್ 6ರಂದು ಡಾಲರಿನ ಬೆಲೆಯನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿತ್ತು.

ನೀವು ಬೀಜಕ್ಕೆ ಡಾಲರಿನಲ್ಲೇ ಹಣ ಕೊಡುವವರಾದ್ದರಿಂದ ಮೆಟಿಕಲ್‌ನ ಏರಿಳಿತ ನಿಮ್ಮ ಬಿಲ್ಲಿನಲ್ಲಿ ತಕ್ಷಣ ಕಾಣಿಸದು. ಬೆಳೆಗಾರ ಬೇಸತ್ತು ಮರಗಳ ಆರೈಕೆ ಬಿಟ್ಟಾಗ, ಕೆಲವು ವರ್ಷಗಳ ನಂತರ, ಬಂದರಿಗೆ ಬರುವ ಬೀಜದ ಪ್ರಮಾಣದಲ್ಲಿ ಅದು ಕಾಣಿಸಿಕೊಳ್ಳಬಹುದು.