ಕೋವಿ ಬ್ಯಾರೆಲ್‌ಗೆ ಮೆದು ಬೂದು ಬಣ್ಣ ಬರ್ಬೇಕಂದ್ರೆ

ಸರ್, ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ, ಕೇಪ್ ಇಟ್ಟು ಹೊಡೆಯೋದು) ಬ್ಯಾರೆಲ್‌ಗೆ ಕೋಲ್ಡ್ ಬ್ಲೂ, ಅಂದ್ರೆ ಬಿಸಿ ಮಾಡದೇ ಹಚ್ಚೋ ನೀಲಿ-ಕಪ್ಪು ಬಣ್ಣದ ಕೆಮಿಕಲ್, ಹಚ್ಚಿದ್ಮೇಲೆ ಒಂದ್ಕಡೆ ಕಪ್ಪು ಒಂದ್ಕಡೆ ನೀಲಿ ಆಗಿ ಕೂತಿದೆ, ಬೇಕಿದ್ದಿದ್ದು ಹಳೇ ಕೋವೀಲಿರೋ ಮೆದು ಬೂದು, ಇನ್ನೊಂದು ಕೋಟ್ ಹಾಕ್ಲಾ ಅಂತ ಕೇಳಿದೀರಲ್ಲ. ಬೇಡಿ. ಇನ್ನೂ ಹಚ್ಚಿದ್ರೆ ಇನ್ನೂ ಕಪ್ಪಾಗುತ್ತೆ. ಆ ಬೂದು ಬರೋದು ಇರೋ ಕಪ್ಪನ್ನ ತೆಗೆದಾಗ, ಅದಕ್ಕೆ ಬಿಳಿ ವಿನೆಗರ್ ಸಾಕು.

ಎಲ್ಲಕ್ಕಿಂತ ಮೊದ್ಲು ಒಳಗೆ ಮದ್ದಿದ್ಯಾ ನೋಡಿ. ಹಳೇ ಕೇಪಿನ ಕೋವೀಲಿ ಯಾರೋ ಯಾವಾಗ್ಲೋ ತುಂಬಿ ಹಾಗೇ ಬಿಟ್ಟಿರ್ತಾರೆ. ಮದ್ದು ಜಡಿಯೋ ಕಡ್ಡೀನ ಬ್ಯಾರೆಲ್ ಒಳಗೆ ತಳದವರೆಗೂ ಬಿಟ್ಟು ಬಾಯಿ ಹತ್ರ ಗುರುತು ಮಾಡಿ, ಹೊರಗೆ ತೆಗೆದು ಬ್ಯಾರೆಲ್ ಪಕ್ಕದಲ್ಲಿಟ್ಟು ನೋಡಿ, ಕಡ್ಡಿ ತುದಿ ಕೇಪ್ ಕೂರೋ ಜಾಗದ ತನಕ ಬರದೆ ಒಂದೆರಡು ಇಂಚು ಮುಂದೇನೇ ನಿಂತ್ರೆ ಒಳಗೆ ಏನೋ ಇದೆ ಅಂತ, ಆಮೇಲೆ ಕೋವಿ ರಿಪೇರಿ ಮಾಡೋರ ಹತ್ರ ಕೊಡಿ, ನೀವು ಕೈ ಹಾಕ್ಬೇಡಿ.

ಖಾಲಿ ಇದ್ರೆ ಮರದ ಭಾಗ ಬಿಚ್ಚಿ, ಬ್ಯಾರೆಲ್ ಬಾಯಿಗೂ ಕೇಪಿನ ತೂತಿಗೂ ಬಿರಡೆ ಹಾಕಿ. ಅಸಿಟೋನಲ್ಲಿ ಜಿಡ್ಡು ಪೂರ್ತಿ ತೆಗೀರಿ, ಗ್ಲೌಸ್ ಹಾಕೊಂಡೇ, ಯಾಕಂದ್ರೆ ಬೆರಳಿನ ಒಂದು ಗುರುತಿದ್ರೂ ಆಮೇಲೆ ಅಲ್ಲೇ ಕಲೆ ಕಾಣುತ್ತೆ. ವಿನೆಗರಲ್ಲಿ ನೆನೆಸಿದ ಹತ್ತಿ ಬಟ್ಟೆ ಸುತ್ತಿಟ್ಟು, ಹತ್ತು ನಿಮಿಷಕ್ಕೊಂದ್ಸಲ ಬಿಚ್ಚಿ ಒರೆಸಿ ನೋಡ್ತಾ ಇರಿ. ನೀಲಿ ಎಲ್ಲಾ ಹೋಗಿ ಬರೀ ಕಬ್ಬಿಣ ಕಂಡ್ಮೇಲೆ ತೊಳೆದು ಒಣಗಿಸಿ 320 ನಂಬರ್ ಎಮರಿ ಪೇಪರಲ್ಲಿ ಉದ್ದುದ್ದಕ್ಕೆ ಒಂದೇ ದಿಕ್ಕಲ್ಲಿ ಎಳೀರಿ, ಬೇಕಂದ್ರೆ 400, ಅದಕ್ಕಿಂತ ನುಣುಪು ಮಾಡಿದ್ರೆ ಹೊಳಪು ಬರುತ್ತೆ, ಆ ಮೆದು ನೋಟ ಸಿಗಲ್ಲ. ನಿಜವಾದ ಕೆಲಸ ಅಂದ್ರೆ ಇದೇ, ವಿನೆಗರೋ ಬೇರೆ ಆಸಿಡೋ ಅನ್ನೋದು ಆಮೇಲಿನ ಮಾತು.

ಮತ್ತೆ ಜಿಡ್ಡು ತೆಗೆದು ಬೆಚ್ಚಗಿನ ವಿನೆಗರ್ ಸವರ್ತಾ ಹೋಗಿ. ಮೊದ್ಲು ಮಂಕಾಗುತ್ತೆ, ಆಮೇಲೆ ಮಸಿ ಥರ ಏನೋ ಮೇಲೆ ಕೂರುತ್ತೆ, ಹೆದರ್ಬೇಡಿ, ಅದು ಬೆರಳಲ್ಲಿ ಒರೆಸಿದ್ರೂ ಬಿಟ್ಕೊಂಡು ಬರುತ್ತೆ. ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಎಣ್ಣೆ ಅಂಶ ತೆಗೆದಿರೋ 0000 ನಂಬರ್ (ತೀರಾ ನಯವಾದ) ಸ್ಟೀಲ್ ವೂಲಲ್ಲಿ ಹಗುರಕ್ಕೆ ಉಜ್ಜಿದ್ರೆ ಕೆಳಗಿಂದ ಬೂದು ಎದ್ದು ಬರುತ್ತೆ. ಸಾಲ್ದು ಅನ್ಸಿದ್ರೆ ಇನ್ನೊಂದ್ಸಲ. ತೊಳೆದ ತಕ್ಷಣ ಒರೆಸಿ ಎಣ್ಣೆ ಹಚ್ಚಿ, ಇಲ್ಲಾಂದ್ರೆ ಕಣ್ಮುಂದೇನೇ ಕೆಂಪು ತುಕ್ಕು ಬರುತ್ತೆ. ಎಣ್ಣೆ ಹಚ್ಚಿದ್ಮೇಲೆ ಬಣ್ಣ ಸ್ವಲ್ಪ ಗಾಢ ಕಾಣುತ್ತೆ, ಅದಕ್ಕೆ ಒಂದು ಛಾಯೆ ತಿಳಿ ಇದ್ದಾಗ್ಲೇ ನಿಲ್ಸಿ.

ಸ್ಪ್ರಿಂಗ್‌ಗಳನ್ನ ಮಾತ್ರ ಆಸಿಡ್‌ಗೆ ಹಾಕ್ಲೇಬೇಡಿ, ಗಟ್ಟಿ ಉಕ್ಕು ಹೈಡ್ರೋಜನ್ ಹೀರ್ಕೊಂಡು ಪೆಡಸಾಗಿ ಮುರಿಯುತ್ತೆ. ಇಲ್ಲಿ ಇನ್ನೊಬ್ರು ಯಾರೋ ಪಾರ್ಕರೈಸಿಂಗ್ ಮಾಡಿ ಅಂದಿದಾರೆ, ಅಂದ್ರೆ ಬಿಸಿ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿ ಲೇಪ ಬರ್ಸೋದು, ಅದೂ ಬೂದೇ, ಜಿಂಕ್ ಫಾಸ್ಫೇಟ್ ಆದ್ರೆ ತಿಳಿ, ಮ್ಯಾಂಗನೀಸ್ ಆದ್ರೆ ಗಾಢ, ಆದ್ರೆ 90 ಡಿಗ್ರಿ ಹತ್ರ ಬಿಸಿ ಹಿಡಿದಿಟ್ಕೊಂಡು ಇಡೀ ಬ್ಯಾರೆಲ್ ಮುಳುಗೋ ಸ್ಟೇನ್‌ಲೆಸ್ ತೊಟ್ಟಿ ಬೇಕು, ಮೇಲಾಗಿ ಅದು ಮಿಲಿಟರಿ ರೈಫಲ್ ನೋಟ, ಹಳೇ ಕೋವಿಗೆ ಒಪ್ಪಲ್ಲ ನನ್ ಪ್ರಕಾರ.

ಅಂದಹಾಗೆ ನಿಮ್ಮ ಲಾಕ್ ಪ್ಲೇಟ್ (ಕೇಪ್ ಹೊಡೆಯೋ ಸುತ್ತಿಗೆ ಕೂರೋ ಪಕ್ಕದ ತಗಡು) ಮೇಲೆ ಕೆತ್ತನೆ ಅಥವಾ ಹೆಸರು ಏನಾದ್ರೂ ಇದ್ಯಾ? ಇದ್ರೆ ಅದಕ್ಕೆ ಎಮರಿ ಮುಟ್ಟಿಸ್ಬೇಡಿ, ಮೊದ್ಲು ಫೋಟೋ ಹಾಕಿ.