ರಾಕ್ ಹಾಡಿನ ಹೆಸರು ಖರೇನ ಪುಸ್ತಕದಿಂದ ಬಂದೈತೇನು? ನೋಡೂದು ಹೆಂಗ

ಬೆಳಗಾವಿ ಕಾಲೇಜಿನ ಕಾರ್ಯಕ್ರಮಕ್ಕ ‘ಪುಸ್ತಕದಿಂದ ಬಂದ ರಾಕ್ ಹಾಡು’ ಅಂತ ಅರ್ಧ ತಾಸಿನ ಪಟ್ಟಿ ಬೇಕು ಅಂದೀರಿ, ನೆಟ್‌ನ್ಯಾಗ ಸಿಕ್ಕ ಒಂದು ಪಟ್ಟಿನೂ ಹಾಕಿ ‘ಇದು ಖರೇನ್ರಿ?’ ಅಂತ ಕೇಳೀರಿ. ಅರ್ಧ ಖರೆ. ಆ ಪಟ್ಟಿ ಮಾಡಿದವರು ಬರೇ ಹೆಸರಿಗೆ ಹೆಸರು ಹೊಂದಿಸ್ಯಾರ, ಹಾಡಿನ ಸಾಲು ಓದಿಲ್ಲ.

ಪ್ರತಿ ಹಾಡಿಗೂ ಇಷ್ಟು ಮಾಡ್ರಿ. ಮೊದಲ ಹಾಡಿಂದು, ಪುಸ್ತಕದ್ದು ಎರಡೂ ವರ್ಷ ಬರಕೊಳ್ರಿ. ಪುಸ್ತಕ ಆಮ್ಯಾಲೆ ಬಂದಿದ್ರ ಅಲ್ಲೇ ಕಾಟು ಹಾಕ್ರಿ. ಆಮ್ಯಾಲೆ ಸಾಲಿನ್ಯಾಗ ಪುಸ್ತಕದ ಪಾತ್ರ, ಜಾಗ, ಘಟನೆ ಒಂದರ ಸಿಗ್ತೈತೇನು ಹುಡುಕ್ರಿ. ಕಡೀಕ ಹಾಡು ಬರದವರು ಏನಂದಾರ ನೋಡ್ರಿ. ನಡುವ ಸಿನಿಮಾನೋ ಇನ್ನೊಂದು ಹಳೆ ಪುಸ್ತಕಾನೋ ಇರ್ತೈತಿ, ಅದನ್ನ ಬಿಟ್ರ ಕ್ವಿಜ್‌ನ್ಯಾಗ ಸಿಕ್ಕಿ ಬೀಳ್ತೀರಿ.

ಮೆಟಾಲಿಕಾದ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ (1984) ತಗೋರಿ. ಹೆಸರು ಹೆಮಿಂಗ್ವೇನ 1940ರ ಕಾದಂಬರೀದು. ಅವನೂ ಅದನ್ನ ಇಂಗ್ಲಿಷ್ ಕವಿ ಜಾನ್ ಡನ್‌ನ 1624ರ ಪುಸ್ತಕದಿಂದ ಎತ್ತಿದ್ದು, ಮತ್ತ ಅದು ಗದ್ಯ. ಕವಿತೆ ಅಂತ ಬಾಳ ಮಂದಿ ಬರೀತಾರ, ನೀವು ಬರೀಬ್ಯಾಡ್ರಿ. ಹಾಡಿನ ಸಾಲು ಇಡೀ ಕಾದಂಬರೀದಲ್ಲ, 27ನೇ ಅಧ್ಯಾಯದ್ದು. ಸ್ಪೇನಿನ ಅಂತರ್ಯುದ್ಧದಾಗ ಎಲ್ ಸೋರ್ಡೋ ಮತ್ತ ಅವನ ನಾಲ್ಕು ಮಂದಿ ಗುಡ್ಡದ ತುದಿಯೊಳಗ ಸಿಕ್ಕಿ ಬಿದ್ದಿರ್ತಾರ, ಕೆಳಗ ವೈರಿ, ಕಡೀಕ ವಿಮಾನ ಬಂದು ಬಾಂಬ್ ಹಾಕ್ತಾವ. ಗುಡ್ಡ, ಐದು ಮಂದಿ, ಸಾಯೂಕಿಂತ ಮೊದಲ ಆಕಾಶ ನೋಡೂದು, ಎಲ್ಲಾ ಹಾಡಿನ್ಯಾಗ ಐತಿ. ಗಂಟಿ ಬಾರಿಸಿದ ಮ್ಯಾಲ ಬರೂ ಆ ಚೀರೂ ನಾದ ಗಿಟಾರ್ ಅಲ್ಲ, ಮೆಟಾಲಿಕಾದ ಕ್ಲಿಫ್ ಬರ್ಟನ್‌ನ ಬಾಸ್ (ದಪ್ಪ ದನಿಯ ಗಿಟಾರಿನಂಥ ವಾದ್ಯ). ನಿಮ್ಮ ಬಾಸ್ ಹುಡುಗ ದನಿ ಒರಟು ಮಾಡೂ ಡಿಸ್ಟಾರ್ಷನ್ ಪೆಡಲ್ ಇಲ್ಲದ ನುಡಿಸಿದ್ರ ಸಪ್ಪಗ ಆಗ್ತೈತಿ.

ಐರನ್ ಮೇಡನ್‌ನ ‘ರೈಮ್ ಆಫ್ ದ ಏನ್ಶಿಯಂಟ್ ಮ್ಯಾರಿನರ್’ದಾಗ ಸಂಶಯಾನ ಇಲ್ಲ. ಕೋಲ್‌ರಿಜ್‌ನ 1798ರ ಕವಿತೆಯ ಪದ್ಯಾನ ಹಂಗ ಹಾಕ್ಯಾರ. ತೊಡಕು ಅಂದ್ರ ಉದ್ದ: 13 ನಿಮಿಷ 45 ಸೆಕೆಂಡ್. ಪೂರ್ತಿ ಬಾರಿಸಬ್ಯಾಡ್ರಿ. ನಡುವ ವಾದ್ಯ ಇಳಿದು, ಹಡಗಿನ ಹಲಗಿ ಕಿರುಗುಟ್ಟೂ ಸಪ್ಪಳದ ಮ್ಯಾಲ ಇನ್ನೂರು ಖಲಾಸಿಗಳು ಒಬ್ಬೊಬ್ರಾಗಿ ಬಿದ್ದು ಸಾಯೂ ಪದ್ಯ ಓದ್ತಾರಲ್ಲ, ಅದಷ್ಟ ಎರಡು ನಿಮಿಷ ರೆಕಾರ್ಡಿಂಗ್ ಹಾಕ್ರಿ, ಸಾಕು.

ಜೆಫರ್ಸನ್ ಏರ್‌ಪ್ಲೇನ್‌ನ ‘ವೈಟ್ ರ್‍ಯಾಬಿಟ್’ (1967) ಪಟ್ಟಿಗೆ ಬೇಕ ಬೇಕು, ಆದ್ರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಅಂತ ಒಂದ ಪುಸ್ತಕ ಬರದ್ರ ತಪ್ಪು. ಹುಕ್ಕಾ ಸೇದೂ ಕಂಬಳಿಹುಳ 1865ರ ಮೊದಲ ಪುಸ್ತಕದ್ದು; ವೈಟ್ ನೈಟ್ (ಬಿಳಿ ಕುದುರಿ ಸವಾರ), ರೆಡ್ ಕ್ವೀನ್ 1871ರ ಎರಡನೇ ಪುಸ್ತಕ ‘ಥ್ರೂ ದ ಲುಕಿಂಗ್-ಗ್ಲಾಸ್’ದವು. ತಲಿ ಕಡೀರಿ ಅಂತ ಒದರೂದು ಖರೆ ಅಂದ್ರ ಮೊದಲ ಪುಸ್ತಕದ ಕ್ವೀನ್ ಆಫ್ ಹಾರ್ಟ್ಸ್, ಹಾಡಿನ್ಯಾಗ ಅದು ರೆಡ್ ಕ್ವೀನ್ ಪಾಲಿಗೆ ಹೋಗೇತಿ. ಚಲೋ ಕ್ವಿಜ್ ಪ್ರಶ್ನೆ ಆಗ್ತೈತಿ.

ಕೇಟ್ ಬುಶ್‌ನ ‘ವದರಿಂಗ್ ಹೈಟ್ಸ್’ (1978) ರಾಕ್ ಅಲ್ಲ ಅಂತ ಯಾರರ ತಕರಾರು ತೆಗೀತಾರ, ತೆಗೀಲಿ. ಎಮಿಲಿ ಬ್ರಾಂಟೆಯ ಅದ ಹೆಸರಿನ ಕಾದಂಬರಿ 1847ರದ್ದು, ಆದ್ರ ಕೇಟ್ ಮೊದಲ ನೋಡಿದ್ದು ಟಿವಿ ರೂಪಾಂತರದ ಕಡೀ ಭಾಗ. ಕಿಟಕಿ ಹೊರಗ ನಿಂತು ಒಳಗ ಬಿಡು ಅನ್ನೂ ಕ್ಯಾಥಿ ದೆವ್ವ 3ನೇ ಅಧ್ಯಾಯದಾಗ ಸಿಗ್ತೈತಿ.

ಇನ್ನ ಹೆಸರಿನ್ಯಾಗ ಸುಳಿವ ಕೊಡದವು. ರೋಲಿಂಗ್ ಸ್ಟೋನ್ಸ್‌ನ ‘ಸಿಂಪಥಿ ಫಾರ್ ದ ಡೆವಿಲ್’ (1968) ಹಿಂದ ಬುಲ್ಗಾಕೋವ್‌ನ ‘ದ ಮಾಸ್ಟರ್ ಅಂಡ್ ಮಾರ್ಗರಿಟಾ’ ಐತಿ. ಪುಸ್ತಕ ಬ್ಯಾಂಡಿನ ಹಾಡುಗಾರ ಮಿಕ್ ಜಾಗರ್‌ಗೆ ಕೊಟ್ಟಾಕಿ ಮೇರಿಯನ್ ಫೇತ್‌ಫುಲ್. ಸಭ್ಯಸ್ಥನಂಗ ಪರಿಚಯ ಮಾಡಿಕೊಳ್ಳೂ ಸೈತಾನ, ಏಸುವಿಗೆ ಮರಣದಂಡನೆ ಕೊಟ್ಟ ಪಿಲಾತ, ಎರಡೂ ಕಾದಂಬರಿಯೊಳಗ ಅದಾವ. ಮೆಟಾಲಿಕಾದ ‘ಒನ್’ ಅಂದ್ರ ಡಾಲ್ಟನ್ ಟ್ರಂಬೋನ 1939ರ ‘ಜಾನಿ ಗಾಟ್ ಹಿಸ್ ಗನ್’. ಮೇಡನ್‌ನ ‘ಟು ಟೇಮ್ ಎ ಲ್ಯಾಂಡ್’ (1983) ಪೂರಾ ‘ಡ್ಯೂನ್’ ಕಾದಂಬರಿ. ಆ ಹೆಸರು ಇಡಾಕ ಅದನ್ನ ಬರದ ಫ್ರಾಂಕ್ ಹರ್ಬರ್ಟ್ ಒಪ್ಪಲಿಲ್ಲ, ಅದಕ್ಕ ಬ್ಯಾರೆ ಹೆಸರು.

ನಿಮ್ಮ ಪಟ್ಟಿಯೊಳಗಿನ ಬೀಟಲ್ಸ್‌ನ ‘ಟುಮಾರೋ ನೆವರ್ ನೋಸ್’ (1966) ಉಲ್ಟಾ ಕೇಸ್. ಸಾಲು ಅಮೆರಿಕದ ಮನೋವಿಜ್ಞಾನಿ ಟಿಮೊಥಿ ಲಿಯರಿ ಮತ್ತು ಇಬ್ಬರು ಜೊತಿಗಾರರ 1964ರ ‘ದ ಸೈಕೆಡೆಲಿಕ್ ಎಕ್ಸ್‌ಪೀರಿಯನ್ಸ್’ ಪುಸ್ತಕದಿಂದ ಬಂದಾವ, ಹೆಸರು ಮಾತ್ರ ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಬಾಯಿತಪ್ಪಿ ಆಡಿದ ಮಾತು. ‘ಹೆಸರಿನ ಮೂಲ’ ಅನ್ನೂ ಕಾಲಮ್ಮಿನಿಂದ ಅದನ್ನ ತೆಗೀರಿ.

ವ್ಯಾಳೆ ಲೆಕ್ಕ: ‘ವೈಟ್ ರ್‍ಯಾಬಿಟ್’ ಎರಡೂವರಿ ನಿಮಿಷ, ‘ವದರಿಂಗ್ ಹೈಟ್ಸ್’ ನಾಲ್ಕೂವರಿ, ‘ಬೆಲ್’ ಐದರ ಮ್ಯಾಲ ಸ್ವಲ್ಪ, ‘ಸಿಂಪಥಿ’ ಆರರ ಮ್ಯಾಲ, ಕೋಲ್‌ರಿಜ್ ತುಣುಕು ಎರಡು. ಪ್ರತಿ ಹಾಡಿಗೂ ಎರಡು ನಿಮಿಷದೊಳಗ ಮಾತು ಮುಗಿಸಿದ್ರ ಅರ್ಧ ತಾಸಿಗೆ ಕೂಡ್ತೈತಿ. ‘ಒನ್’ ಬೇಕ ಅಂದ್ರ ಅದು ಏಳು ದಾಟ್ತೈತಿ, ‘ಸಿಂಪಥಿ’ ಬಿಡಬೇಕಾಗ್ತೈತಿ.